ಚಾತುರ್ಮಾಸದ ಹಾಟ್‌ಡಾಗ್

ಸೋನೂ, ಪಿಂಕೀ,

ಹೋದ ರವಿವಾರ ನೀವಿಬ್ಬರೂ ಸೇರಿ ಹಾಟ್‌ಡಾಗ್ ಮಾಡುತ್ತಿದ್ದಾಗ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಬನ್ನನ್ನು ಪಕ್ಕದಿಂದ ಸೀಳುತ್ತಿದ್ದಿರಿ. ಮೇಲಿನಿಂದ ಸೀಳಿದರೆ ಒಳಗಿನದು ಜಾರುವುದಿಲ್ಲ ಎಂದು ಹೇಳಬೇಕೆನಿಸಿತು. ಅಷ್ಟರಲ್ಲಿ ಸೋನೂ ನನ್ನ ಕಡೆ ತಿರುಗಿ, "ಅಜ್ಜೀ, ಇದೇನಂತ ಗೊತ್ತೈತೇನ ನಿನಗ?" ಅಂದ. "ಅಜ್ಜಿಗೆ ರೊಟ್ಟಿ ಬಿಟ್ಟರ ಏನ ಗೊತ್ತಿರತೈತಿ" ಎಂದು ಪಿಂಕಿ ನಕ್ಕಳು. ನಾನೂ ನಕ್ಕು ಒಳಗೆ ಹೋಗಿಬಿಟ್ಟೆ.

ಗೊತ್ತಿತ್ತು. ನೀವಿಬ್ಬರೂ ಹುಟ್ಟುವ ಮೊದಲೇ ನಾನದನ್ನು ಈ ಕೈಯಿಂದ ಮಾಡಿದ್ದೇನೆ. ಆದರೆ ನಾಲ್ಕು ಜನ ನೋಡುತ್ತಿರುವಾಗ ನನಗೆ ಮಾತು ಹೊರಡುವುದಿಲ್ಲ. ಮೂಡಲಗಿ ಕಡೆಯ ನನ್ನ ತವರು ಹಳ್ಳಿಯ ಶಾಲೆಯಲ್ಲಿ ಐದನೆಯ ಇಯತ್ತೆಯವರೆಗೆ ಓದಿದವಳು ನಾನು. ಗುರುಗಳು ಎದ್ದು ನಿಂತು ಓದು ಎಂದರೆ ಪುಸ್ತಕದ ಅಕ್ಷರವೇ ಕಾಣುತ್ತಿರಲಿಲ್ಲ. ಪಾಟಿಯ ಮೇಲೆ ಬರೆ ಎಂದರೆ ತಪ್ಪಿಲ್ಲದೆ ಬರೆಯುತ್ತಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಅಪ್ಪ ಕೊಲ್ಹಾಪುರದ ಒಂದು ಯಂತ್ರದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಮದುವೆಯಾದ ವರ್ಷವೇ ಅವರನ್ನು ಕೆಲಸ ಕಲಿಯಲೆಂದು ಜಪಾನಿಗೆ ಕಳಿಸಿದರು. ನಿಮ್ಮ ಅವ್ವನೂ ಜೊತೆಗೆ ಹೋದಳು. ಎರಡು ವರ್ಷ ಅಲ್ಲಿದ್ದರು. ಅಲ್ಲಿಯೇ ಅವಳಿಗೆ ಮೊದಲ ಸಲ ದಿನ ನಿಂತು, ಐದನೆಯ ತಿಂಗಳಲ್ಲಿ ಹೊಟ್ಟೆಯಲ್ಲಿದ್ದ ಕೂಸು ಹೋಯಿತು. ಸುದ್ದಿ ಪಕ್ಕದ ಮನೆಯ ಫೋನಿಗೆ ಬಂತು. ಅವರ ಪಡಸಾಲೆಯಲ್ಲಿ ಮನೆಮಂದಿಯೆಲ್ಲ ನನ್ನ ಮುಖ ನೋಡುತ್ತ ಕುಳಿತಿದ್ದರು. ಆ ಕಡೆಯಿಂದ ನನ್ನ ಮಗಳು ಅಳುತ್ತಿದ್ದಳು. ನನಗೆ ಬಾಯಿಗೆ ಬಂದದ್ದು ಒಂದೇ ಮಾತು: "ಊಟಾ ಮಾಡೀಯೇನ?" ಅಷ್ಟು ಕೇಳಿ ಫೋನು ಇಟ್ಟುಬಿಟ್ಟೆ. ಆಮೇಲೆ ಎಷ್ಟೋ ದಿನ, ರೊಟ್ಟಿ ಬಡಿಯುವಾಗಲೆಲ್ಲ, ಅವತ್ತು ಹೇಳಬೇಕಿದ್ದ ಮಾತುಗಳು ಒಂದೊಂದಾಗಿ ನೆನಪಾಗುತ್ತಿದ್ದವು.

ಅವರಿಬ್ಬರೂ ಕೊಲ್ಹಾಪುರಕ್ಕೆ ಮರಳಿ ಬಂದ ಮೇಲೆ ಅವಳಿಗೆ ಮತ್ತೆ ದಿನ ನಿಂತವು. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷ ಆಗಿತ್ತು. ಮೂರನೆಯ ತಿಂಗಳಲ್ಲಿ ನಿಮ್ಮ ಅಪ್ಪ ಅವಳನ್ನು ಘೋಡಗೇರಿಯ ನಮ್ಮ ಮನೆಗೆ ತಂದು ಬಿಟ್ಟರು. ಏನು ತಿಂದರೂ ವಾಂತಿ. ಆಗ ಮನೆಯಲ್ಲಿ ಇದ್ದದ್ದು ನಾವು ಇಬ್ಬರೇ, ನಾನು ಮತ್ತು ನನ್ನ ಅತ್ತೆ. ನಿಮ್ಮ ಅಜ್ಜ ತೀರಿಕೊಂಡು ಆರು ವರ್ಷವಾಗಿತ್ತು. ಮಗಳು ಬಸ್ಸಿನಿಂದ ಇಳಿದಾಗ ಬಳೆಗಳು ಮೊಣಕೈವರೆಗೆ ಜಾರಿದ್ದವು.

ಗೋಕಾಕದ ಡಾಕ್ಟರಬಾಯಿಗೆ ತೋರಿಸುತ್ತಿದ್ದೆವು. ಹದಿನೈದು ದಿನಕ್ಕೊಮ್ಮೆ ಹೋಗುವುದು, ತೂಕದ ಯಂತ್ರದ ಮೇಲೆ ನಿಲ್ಲಿಸುವುದು. ಪ್ರತಿ ಸಲ ನಾನು ಮುಳ್ಳು ನೋಡುತ್ತಿರಲಿಲ್ಲ, ಡಾಕ್ಟರಬಾಯಿಯ ಹುಬ್ಬು ನೋಡುತ್ತಿದ್ದೆ. ನಾಲ್ಕನೆಯ ತಿಂಗಳು ಮುಗಿಯುವ ಹೊತ್ತಿಗೆ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಹೇಳಿದರು: "ನೋಡ್ರಿ, ತೂಕ ಏರೂದ ಬಿಟ್ಟ ಇಳ್ಯಾಕತ್ತೈತಿ. ಇನ್ನ ಹದಿನೈದ ದಿನಾ ನೋಡೂಣು. ಹಿಂಗ ಇದ್ದರ ಇಲ್ಲೇ ಇಟ್ಟಕೊಂಡ ಸಲಾಯಿನ್ ಏರಿಸಬೇಕಾಕ್ಕೈತಿ. ಏನಾರ ಒಂದು ಆಕೀ ಹೊಟ್ಟ್ಯಾಗ ನಿಲ್ಲಬೇಕ್ರಿ. ಏನಾರ."

ಇನ್ನು ಹತ್ತು ದಿನಕ್ಕೆ ಐದನೆಯ ತಿಂಗಳು ಹಿಡಿಯುತ್ತಿತ್ತು. ಅದೇ ತಿಂಗಳು. ಅದನ್ನು ನಾವು ಯಾರೂ ಬಾಯಿಬಿಟ್ಟು ಆಡಲಿಲ್ಲ. ಕ್ಯಾಲೆಂಡರಿನ ಮುಂದೆ ಹಾದುಹೋಗುವಾಗ ಮೂವರೂ ಮುಖ ಆ ಕಡೆ ಮಾಡುತ್ತಿದ್ದೆವು.

ನಮ್ಮಲ್ಲಿ ಬಸುರಿಯ ಬಯಕೆ ತೀರಿಸದೆ ಬಿಡಬಾರದು ಎನ್ನುತ್ತಾರೆ. ತೀರದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದಂತೆ. ಓಣಿಯ ಹೆಣ್ಣುಮಕ್ಕಳು ದಿನಕ್ಕೊಬ್ಬರು ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಮಾದಲಿ, ಗೋಕಾಕದ ಕರದಂಟು. ನಿಮ್ಮ ಅವ್ವ ಎಲ್ಲರೆದುರು ಒಂದು ತುತ್ತು ಬಾಯಿಗಿಟ್ಟುಕೊಳ್ಳುವಳು, ಅವರು ಹೊಸ್ತಿಲು ದಾಟುವುದರೊಳಗೆ ಹಿತ್ತಲಿಗೆ ಓಡುವಳು. "ಏನ ಬೇಕಾಗೇತಿ ಹೇಳವಾ" ಎಂದು ನಾನು ಕೇಳದ ದಿನವಿಲ್ಲ. "ಏನೂ ಒಲ್ಲೆ" ಎನ್ನುವಳು. ಆದರೆ ಒಲ್ಲೆ ಎನ್ನುವ ಮೊದಲು ಒಂದು ಗಳಿಗೆ ಸುಮ್ಮನಿರುವಳು. ಆ ಸುಮ್ಮನಿರುವುದರಲ್ಲಿ ಏನೋ ಇದೆ ಎಂದು ನನಗೆ ಅನಿಸುತ್ತಿತ್ತು.

ಒಂದು ಮುಂಜಾನೆ ಅತ್ತೆ ಬಸದಿಗೆ ಹೋದ ಮೇಲೆ ಅವಳ ತಲೆ ಬಾಚುತ್ತ ಕುಳಿತಿದ್ದೆ. ಬಾಚಣಿಕೆಯ ತುಂಬ ಕೂದಲು ಬರುತ್ತಿತ್ತು. ಅವಳಿಗೆ ಕಾಣಬಾರದೆಂದು ಸೆರಗಿನಲ್ಲಿ ಮುಚ್ಚಿಟ್ಟುಕೊಳ್ಳುತ್ತಿದ್ದೆ. ಹಿಂದೆ ಕುಳಿತಿದ್ದರಿಂದ ಮುಖ ನೋಡುವ ಹಂಗಿರಲಿಲ್ಲ. ಅದಕ್ಕೇ ನನಗೂ ಧೈರ್ಯ ಬಂದಿತೋ ಏನೋ.

"ನಿನಗ ಏನೋ ಬೇಕಾಗೇತಿ. ನನ್ನ ಮುಂದ ಹೇಳಾಕ ಏನ ಆಗೇತಿ?"

"ಅದು ಇಲ್ಲಿ ಸಿಗೂದಲ್ಲವಾ."

"ಸಿಗದಿದ್ದರ ಮಾಡೂಣು."

"ನಮ್ಮ ಮನ್ಯಾಗ ಮಾಡೂದೂ ಅಲ್ಲ."

ಬಿಡಿಸಿ ಬಿಡಿಸಿ ಕೇಳಿದ ಮೇಲೆ ಹೇಳಿದಳು. ಅಲ್ಲಿ ಅವರಿದ್ದ ಕೋಣೆಯ ಹತ್ತಿರ, ರೈಲ್ವೆ ಸ್ಟೇಶನ್ನಿನ ಬಾಗಿಲಲ್ಲಿ, ಒಬ್ಬ ಮುದುಕಿಯ ಚಿಕ್ಕ ಅಂಗಡಿ ಇತ್ತಂತೆ. ಹಾಟ್‌ಡಾಗ್ ಮಾರುತ್ತಿದ್ದಳಂತೆ, ಆದರೆ ತಮ್ಮ ದೇಶದ ರೀತಿಯಲ್ಲಿ. ಉದ್ದನೆಯ ಬನ್ನನ್ನು ಮೇಲಿನಿಂದ ಸೀಳಿ, ಒಳಗೆ ಶಾವಿಗೆಯಂಥದ್ದನ್ನು ಹುಳಿ-ಸಿಹಿ ಕಂದು ಸಾರಿನಲ್ಲಿ ಹುರಿದು ತುಂಬುವುದು, ನಡುವೆ ಮಾಂಸದ ಸುರುಳಿ ಇಡುವುದು, ಮೇಲೆ ಬಿಳಿಯ ದಪ್ಪ ಸಾರು ಗೆರೆಗೆರೆಯಾಗಿ ಹಾಕಿ, ಕೆಂಪಗಿನ ಹುಳಿ ಶುಂಠಿಯ ಎಳೆಗಳು, ಸಮುದ್ರದ ಪಾಚಿಯ ಪುಡಿ. ನಿಮ್ಮ ಅವ್ವ ಮಾಂಸದ ಕಡೆ ಕೈ ತೋರಿಸಿ ಬೇಡವೆಂದಾಗ ಆ ಮುದುಕಿ ಅದನ್ನು ತೆಗೆದು ಬಟಾಟೆಯ ವಡೆಯಂಥದ್ದನ್ನು ಇಟ್ಟಳಂತೆ. ಬಿಳಿಯ ಸಾರೂ ಬೇಡ, ಅದರಲ್ಲಿ ತತ್ತಿ ಇರುತ್ತದೆ ಎಂದು ಸನ್ನೆ ಮಾಡಿ ತಿಳಿಸಿದಾಗ ಅದನ್ನೂ ಬಿಟ್ಟಳಂತೆ. ಆ ಮುದುಕಿಗೂ ಇವಳಿಗೂ ಒಂದಕ್ಷರ ಭಾಷೆ ಬಾರದು. ಆದರೆ ಮರುದಿನದಿಂದ ಇವಳು ದೂರದಲ್ಲಿ ಕಂಡ ಕೂಡಲೇ ಬಟಾಟೆಯದನ್ನು ಎಣ್ಣೆಗೆ ಬಿಡುತ್ತಿದ್ದಳಂತೆ.

ಇಷ್ಟು ಹೇಳುವಾಗ ಎಷ್ಟೋ ದಿನದ ಮೇಲೆ ಅವಳ ಬಾಯಲ್ಲಿ ನೀರೂರಿದ್ದು ದನಿಯಲ್ಲೇ ನನಗೆ ಕೇಳಿಸಿತು. ಆಮೇಲೆ ಒಮ್ಮೆಲೇ ತಲೆ ಬಗ್ಗಿಸಿದಳು.

"ನಾ ಅಲ್ಲಿ ದಿನಾ ಬಟಾಟಿ ತಿಂದೇನಿ ಅವ್ವಾ. ಬಸರಿದ್ದಾಗ. ಅದಕ್ಕ ಹೋತು ನನ್ನ ಕೂಸ. ಈಗ ಮತ್ತ ಅದ ಬೇಕ ಅಂತೈತಿ ಜೀವ. ಹಂಗಂದರ ಇದೂ ಹೋಗತೈತೇನ?"

ನಿಮಗೆ ಇದು ತಿಳಿಯಲಿಕ್ಕಿಲ್ಲ. ಈಗ ನಿಮ್ಮ ಮನೆಯಲ್ಲಿ ಎಲ್ಲವೂ ನಡೆಯುತ್ತದೆ. ಆಗಿನ ನಮ್ಮ ಮನೆಯಲ್ಲಿ ಅತ್ತೆ ಮುನಿಗಳ ಮುಂದೆ ನೇಮ ಹಿಡಿದಿದ್ದರು. ನೆಲದೊಳಗೆ ಬೆಳೆಯುವ ಗೆಡ್ಡೆ ಯಾವುದೂ, ಉಳ್ಳಾಗಡ್ಡಿ, ಬಟಾಟೆ, ಗಜ್ಜರಿ, ಹಸಿ ಶುಂಠಿ, ಒಲೆಯ ಹತ್ತಿರ ಬರುವಂತಿರಲಿಲ್ಲ. ಮಳೆಗಾಲದ ನಾಲ್ಕು ತಿಂಗಳು, ಚಾತುರ್ಮಾಸದಲ್ಲಿ, ಸೊಪ್ಪೂ ಇಲ್ಲ. ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಬೇಕರಿಯ ಪದಾರ್ಥವಂತೂ ಹೊಸ್ತಿಲೊಳಗೆ ಬರುತ್ತಿರಲಿಲ್ಲ. ಆ ಮನೆಯಲ್ಲಿ ಬೆಳೆದ ಹುಡುಗಿ ಅವಳು.

ಹಾಗೇನೂ ಇಲ್ಲ ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ಯಾಕೆಂದರೆ ನನಗೂ ಒಂದು ಗಳಿಗೆ ಹೆದರಿಕೆಯಾಯಿತು. ಇದ್ದರೂ ಇರಬಹುದೇನೋ ಎಂದು. ನಾನು ಜಡೆ ಹೆಣೆದು ಮುಗಿಸಿ ಎದ್ದೆ. ಅವಳು ಕ್ಯಾಲೆಂಡರಿನ ಹಳೆಯ ಹಾಳೆಯ ಹಿಂದೆ ಆ ಬನ್ನಿನ ಚಿತ್ರ ತೆಗೆದು ಅಲ್ಲೇ ನೆಲದ ಮೇಲೆ ಬಿಟ್ಟು ಹೋಗಿ ಮಲಗಿದಳು. ನಾನು ಆ ಹಾಳೆಯನ್ನು ಮಡಚಿ ಕುಪ್ಪಸದಲ್ಲಿಟ್ಟುಕೊಂಡೆ.

ಮೂರು ದಿನ ಕೆಲಸ ಮಾಡುತ್ತಲೇ ಯೋಚಿಸಿದೆ. ಬಟಾಟೆ ಇಲ್ಲದೆ ಹೇಗೆ? ಬಾಳೆಕಾಯಿ ಬೇಯಿಸಿ ನಾದಿದರೆ ಹಾಗೆಯೇ ಮೆತ್ತಗಾಗುತ್ತದೆ. ಅವರ ಶಾವಿಗೆಗೆ ನಮ್ಮ ಶಾವಿಗೆ ಇದ್ದೇ ಇತ್ತು. ಬೇಸಿಗೆಯಲ್ಲಿ ಅತ್ತೆ ಮತ್ತು ನಾನು ಕೂಡಿಯೇ ಹೊಸೆದು ಒಣಗಿಸಿದ್ದು. ಕಂದು ಸಾರಿಗೆ ಹುಣಸೆ, ಬೆಲ್ಲ, ಮೆಣಸು. ಕೆಂಪು ಶುಂಠಿ ನನ್ನನ್ನು ಬಹಳ ಕಾಡಿತು. ಕೊನೆಗೆ ಉಪ್ಪಿನಕಾಯಿ ಗಡಿಗೆಗಳ ಹಿಂದೆ ಸಂಕೇಶ್ವರದ ಸಂತೆಯಿಂದ ತಂದ ಅಮಸೂಲ ಕಂಡಿತು, ಪುನರ್ಪುಳಿಯ ಒಣ ಸಿಪ್ಪೆ. ಸಕ್ಕರೆ ನೀರಿನಲ್ಲಿ ನೆನೆಸಿ ಎಳೆಎಳೆಯಾಗಿ ಕತ್ತರಿಸಿದರೆ ಕೆಂಪಗೇ ಇರುತ್ತದೆ, ಹುಳಿಯೂ ಇರುತ್ತದೆ. ಪಾಚಿಯ ಪುಡಿಗೆ ಗುರೆಳ್ಳು ಚಟ್ನಿ. ಬಿಳಿಯ ಸಾರನ್ನು ಅವಳು ಅಲ್ಲಿ ತಿಂದಿರಲಿಲ್ಲ. ಆದರೆ ಚಿತ್ರದಲ್ಲಿ ಗೆರೆಗೆರೆಯಾಗಿ ಬರೆದಿದ್ದಳು. ಆಸೆ ಇತ್ತು ಎಂದಾಯಿತಲ್ಲ. ಅದಕ್ಕೆ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರು ಬಸಿದರಾಯಿತು.

ಬನ್ನು ಮಾತ್ರ ನನ್ನಿಂದ ಆಗುವಂತಿರಲಿಲ್ಲ.

ಔಷಧ ತರುವ ನೆವ ಮಾಡಿ ಒಬ್ಬಳೇ ಗೋಕಾಕಕ್ಕೆ ಹೋದೆ. ಬೇಕರಿಯ ಮುಂದೆ ಎಷ್ಟು ಹೊತ್ತು ನಿಂತೆನೋ ತಿಳಿಯದು. ನನ್ನ ಹಿಂದೆ ಬಂದವರೆಲ್ಲ ಖಾರಿ, ಟೋಸ್ಟು ಕಟ್ಟಿಸಿಕೊಂಡು ಹೋಗುತ್ತಿದ್ದರು. ಊರಿನವರು ಯಾರಾದರೂ ನೋಡಿಬಿಟ್ಟರೆ ಎಂದು ಸೆರಗನ್ನು ಹಣೆಯವರೆಗೆ ಎಳೆದುಕೊಂಡಿದ್ದೆ. ಕೊನೆಗೆ ಬೇಕರಿಯವನೇ ಕೇಳಿದ.

"ಅಕ್ಕಾರ, ಬಸ್ಸಿಗೆ ನಿಂತೀರೋ, ಏನಾರ ಬೇಕಾಗಿತ್ತೋ?"

"ಬನ್ನು... ಉದ್ದಂದು."

"ಉದ್ದಂದ? ದುಂಡಂದ ಬರತೈತ್ರಿ ನಮ್ಮಲ್ಲಿ. ಉದ್ದಂದ ತಗೊಂಡ ಏನ ಅಳೀತೀರಿ?"

ಅಲ್ಲಿದ್ದ ಇಬ್ಬರು ನಕ್ಕರು. ನನ್ನ ಕಿವಿ ಬಿಸಿಯಾಯಿತು. ತಿರುಗಿ ಹೊರಟೇಬಿಡುತ್ತಿದ್ದೆ, ಆದರೆ ಕುಪ್ಪಸದೊಳಗಿನ ಹಾಳೆ ಚುಚ್ಚಿತು. ತೆಗೆದು ಗಾಜಿನ ಕಪಾಟಿನ ಮೇಲಿಟ್ಟೆ. ಅವನು ಅದನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದ.

"ಇದೇನ್ರಿ, ದೋಣೀನ?"

"ಮಗಳು ಬಸರದಾಳ್ರಿ. ಬಯಕಿ."

ಅಷ್ಟೇ ಹೇಳಿದ್ದು ನಾನು. ಅವನ ನಗೆ ನಿಂತಿತು. ಒಳಗೆ ಹೋಗಿ ಪಾವಿನ ಇಡಿಯ ಹಲಗೆಯನ್ನೇ ತಂದ. ಬಿಡಿಬಿಡಿ ಮಾಡದೆ, ಎರಡೆರಡು ಪಾವು ಒಂದಕ್ಕೊಂದು ಅಂಟಿದಂತೆಯೇ ಕೊಯ್ದು ಇಟ್ಟ. "ತಗೋರಿ, ಎರಡ ಕೂಡಿದರ ಉದ್ದ ಆತಿಲ್ಲೋ? ಹಡದ ಮ್ಯಾಲ ಪೇಢೆ ತಂದು ಕೊಡ್ರಿ ನನಗ."

"ತತ್ತಿ ಹಾಕ್ತೀರೇನ್ರಿ ಇದಕ್ಕ?"

"ಪಾವಿಗೆ ತತ್ತಿ ಹಾಕಿದರ ಜನಾ ನನ್ನ ಊರ ಬಿಡಸ್ತಾರ್ರಿ ಅಕ್ಕಾರ."

ಘಟಪ್ರಭಾದಲ್ಲಿ ಬಸ್ಸು ಬದಲಿಸುವಾಗಲೂ ಆ ಚೀಲವನ್ನು ಕೆಳಗಿಡಲಿಲ್ಲ. ಮನೆಗೆ ಬಂದು ದನದ ಕೊಟ್ಟಿಗೆಯ ಗೂಟಕ್ಕೆ, ಹಳೆಯ ಬುಟ್ಟಿಯಲ್ಲಿಟ್ಟು ತೂಗುಹಾಕಿದೆ. ಆ ಸಂಜೆ ಅತ್ತೆ ಹಾಲು ಕರೆಯಲು ಕೊಟ್ಟಿಗೆಗೆ ಹೋದಾಗ ನನ್ನ ಜೀವ ಬಾಯಿಗೆ ಬಂತು. ಎಮ್ಮೆಗೆ ಏನೋ ಬೈದು ಹಾಲಿನ ಚರಿಗೆ ಹಿಡಿದು ಬಂದರು. ನೋಡಲಿಲ್ಲವೆಂದು ತಿಳಿದೆ.

ಮರುದಿನ ಮಧ್ಯಾಹ್ನ ಅತ್ತೆ ಬಸದಿಯ ಪ್ರವಚನಕ್ಕೆ ಹೋದರು. ಚಾತುರ್ಮಾಸದಲ್ಲಿ ದಿನವೂ ಹೋಗುವರು; ಹೊತ್ತು ಮುಳುಗಲು ಸ್ವಲ್ಪವೇ ಇರುವಾಗ ಊಟಕ್ಕೆ ಬರುವರು. ನನಗೆ ಎರಡು ತಾಸು ಸಿಗುತ್ತಿತ್ತು. ಅಡುಗೆಮನೆಯ ಒಲೆಗೆ ಬೇಕರಿಯ ಪದಾರ್ಥ ತೋರಿಸಲು ಮನಸ್ಸಾಗಲಿಲ್ಲ. ಸ್ನಾನದ ನೀರು ಕಾಯಿಸುವ ಬಚ್ಚಲೊಲೆಗೆ ಬೆಂಕಿ ಹಚ್ಚಿದೆ. ಹಸಿ ಕಟ್ಟಿಗೆ, ಮಳೆಗಾಲ, ಹೊಗೆಯೋ ಹೊಗೆ. ಊದಿ ಊದಿ ಕಣ್ಣು ಕೆಂಪಾದವು.

ಶಾವಿಗೆ ಮೊದಲ ಸಲ ಬೆಂದು ಮುದ್ದೆಯಾಯಿತು. ಅದನ್ನು ಎಮ್ಮೆಗೆ ಹಾಕಿ ಮತ್ತೆ ಇಟ್ಟೆ. ಕುದಿಯುವ ನೀರಿಗೆ ಹಾಕಿ ಕೂಡಲೇ ತೆಗೆದು, ತಣ್ಣೀರು ಸುರಿದು, ಎಣ್ಣೆ ಸವರಿದರೆ ಎಳೆ ಬಿಡಿಬಿಡಿಯಾಗಿ ನಿಂತವು. ಹುಣಸೆ-ಬೆಲ್ಲದ ಸಾರನ್ನು ದಪ್ಪಗೆ ಕುದಿಸಿ ಅದರಲ್ಲಿ ಶಾವಿಗೆ ಹೊರಳಿಸಿದೆ. ಬಾಳೆಕಾಯಿಗೆ ಹಸಿಮೆಣಸು, ಜೀರಿಗೆ, ಒಣ ಶುಂಠಿ ಪುಡಿ ಹಾಕಿ ನಾದಿ, ಬೆರಳಿನಷ್ಟು ದಪ್ಪ, ಗೇಣುದ್ದ ಹೊಸೆದು, ಕಡಲೆಹಿಟ್ಟಿನ ತೆಳು ಹಿಟ್ಟಿನಲ್ಲಿ ಅದ್ದಿ ಕರಿದೆ. ಒಂದು ಮುರಿಯಿತು. ಎರಡು ಸರಿಯಾಗಿ ಬಂದವು. ಪಾವನ್ನು ಮೇಲಿನಿಂದ ಸೀಳಿ ತುಪ್ಪ ಸವರಿ ಹಂಚಿನ ಮೇಲೆ ಬಿಸಿ ಮಾಡಿದೆ. ಹಾಳೆಯನ್ನು ಗೋಡೆಗೆ ಒರಗಿಸಿಟ್ಟು ನೋಡಿ ನೋಡಿ ತುಂಬುತ್ತಿದ್ದೆ. ತಿಂದು ಇದನ್ನೂ ವಾಂತಿ ಮಾಡಿದರೆ? ಆಮೇಲೆ ನನಗೆ ಮಾಡಲು ಏನೂ ಉಳಿಯುವುದಿಲ್ಲ. ನಿಮ್ಮ ಅವ್ವ ವಾಸನೆಗೆ ಎದ್ದು ಬಂದು ಹಿತ್ತಲ ಬಾಗಿಲಲ್ಲಿ ಗೋಡೆ ಹಿಡಿದು ನಿಂತಿದ್ದಳು. ಮೂಗು ಮುಚ್ಚಿಕೊಂಡಿರಲಿಲ್ಲ. ಅದೊಂದನ್ನು ನೋಡಿ ನಾನು ಕಟ್ಟಿದ ಮೊಸರನ್ನು ಚಮಚದಲ್ಲಿ ತೆಗೆದು ಮೇಲೆ ಎಳೆಯಲು ಹೋದೆ.

"ಏ! ತಡಿ!"

ಅತ್ತೆ. ಅವರ ಹಿಂದೆ ಇನ್ನೂ ಬಿಸಿಲಿತ್ತು. ಪ್ರವಚನ ಅವತ್ತು ಬೇಗ ಮುಗಿದಿತ್ತಂತೆ. ನನ್ನ ಕೈಯಲ್ಲಿ ಚಮಚ, ಮುಂದೆ ಬೇಕರಿಯ ಪಾವು, ಬಚ್ಚಲೊಲೆ, ಗೋಡೆಗೆ ಚಿತ್ರ. ಮುಚ್ಚಲು ಯಾವುದೂ ಇರಲಿಲ್ಲ. ಅವರು ಪಾವಿನ ಕಡೆ ನೋಡಲೇ ಇಲ್ಲ.

"ಕಡ್ಲಿ ಹಿಟ್ಟಿನ ಕರದದ್ದಕ್ಕ ಹಸೀ ಮೊಸರ ಹಚ್ಚಾಕತ್ತೀಯಲ್ಲ! ಇಪ್ಪತ್ತೈದ ವರ್ಷಾತು ಈ ಮನಿಗೆ ಬಂದು, ದ್ವಿದಳ ತಿಳೀಲಿಲ್ಲೇನ ಇನ್ನೂ?"

ಬೇಳೆಯ ಹಿಟ್ಟಿಗೆ ಕಾಯಿಸದ ಮೊಸರು ತಾಗಿದರೆ ಅದು ತಿನ್ನಬಾರದ್ದು. ಅದಕ್ಕೆ ನಮ್ಮಲ್ಲಿ ದ್ವಿದಳ ಎನ್ನುತ್ತಾರೆ. ಮದುವೆಯಾಗಿ ಬಂದ ಮೊದಲ ವಾರವೇ ಅವರು ನನಗೆ ಕಲಿಸಿದ ಪಾಠ. ಬಟಾಟೆ ಬಿಟ್ಟು, ಸೊಪ್ಪು ಬಿಟ್ಟು, ಶುಂಠಿ ಬಿಟ್ಟು, ಮೂರು ದಿನ ಅಷ್ಟೆಲ್ಲ ಯೋಚಿಸಿದವಳು ಎಲ್ಲಕ್ಕಿಂತ ಮೊದಲಿನದನ್ನೇ ಮರೆತಿದ್ದೆ. ಬಸುರಿ ಮಗಳಿಗೆ ಅದನ್ನೇ ತಿನ್ನಿಸಲು ಹೊರಟಿದ್ದೆ. ಚಮಚ ಕೆಳಗಿಟ್ಟೆ.

"ತಪ್ಪಾತ್ರಿ ಅತ್ತಿ," ಎಂದೆ.

"ತಪ್ಪಾತಂದು ಕುಂತರ ಹೊತ್ತ ನಿಲ್ಲತೈತೇನ? ಮೊಸರ ತಾ ಇಲ್ಲಿ. ಅಕ್ಕಿ ಹಿಟ್ಟ ಒಂದ ಚಿಟಿಗಿ ತಾ." ಸೀರೆ ಎತ್ತಿ ಕಟ್ಟಿ ಬಚ್ಚಲೊಲೆಯ ಮುಂದೆ ನನ್ನನ್ನು ಸರಿಸಿ ಕುಳಿತೇಬಿಟ್ಟರು. "ನಿನ್ನಿ ಕೊಟ್ಟಿಗ್ಯಾಗ ಬುಟ್ಟಿ ನೋಡೇನಿ ನಾ. ಎಮ್ಮಿಗೆ ತಂದಿರಬೇಕ ಅನಕೊಂಡೆ. ನನ್ನ ಕದ್ದು ಮಾಡೂವಷ್ಟ ಕೆಟ್ಟಾಕಿ ಆಗೇನೇನ ನಾ?"

ನಾನು ಹಿಟ್ಟು ತಂದುಕೊಟ್ಟೆ. ಅವರು ಮೊಸರಿಗೆ ಅಕ್ಕಿಹಿಟ್ಟು ಕಲಸಿ, ಕೆಂಡದ ಮೇಲಿಟ್ಟು, ಒಂದೇ ಕಡೆಗೆ ತಿರುವತೊಡಗಿದರು. ಕೈ ನಿಲ್ಲಿಸಿದರೆ ಒಡೆಯುತ್ತದೆ. ಹಿತ್ತಲ ಗೋಡೆಯ ಮೇಲಿನ ಬಿಸಿಲು ಕೆಂಪಾಗಿ ಮೇಲೆ ಮೇಲೆ ಸರಿಯುತ್ತಿತ್ತು. ನಾನು ಗೋಡೆಯನ್ನು ನೋಡುವುದು, ಪಾತ್ರೆಯನ್ನು ನೋಡುವುದು, ಬಾಗಿಲಲ್ಲಿದ್ದ ಮಗಳನ್ನು ನೋಡುವುದು. ಆಗ ಅವಳು ಅಲ್ಲಿಂದಲೇ ತನ್ನ ಅಜ್ಜಿಗೆ ಹೇಳಿಬಿಟ್ಟಳು.

"ಆಯೀ, ನಾ ಅಲ್ಲಿ ಬಟಾಟಿ ತಿಂದೇನಿ. ಹೊಟ್ಟ್ಯಾಗ ಕೂಸಿದ್ದಾಗ."

ಯಾಕೆ ಆಗಲೇ ಹೇಳಿದಳೋ! ನಾನು ಅವಳನ್ನು ಕಣ್ಣಿನಲ್ಲೇ ತಡೆಯಲು ಹೋದೆ. ಅತ್ತೆಯ ಕೈ ನಿಲ್ಲಲಿಲ್ಲ.

"ಎಷ್ಟ ದಿನಾ?"

"ದಿನಾ."

"ಹ್ಞೂಂ." ಇನ್ನೂ ನಾಲ್ಕು ಸುತ್ತು ತಿರುವಿದರು. "ನಾ ಒಂದ ದಿನಾನೂ ತಿಂದಾಕಿ ಅಲ್ಲ. ಬಸ್ತಿ, ಹೊಲಾ, ಮನಿ ಬಿಟ್ಟ ಎಲ್ಲೂ ಹ್ವಾದಾಕೀನೂ ಅಲ್ಲ. ನಿಮ್ಮಪ್ಪ ನನ್ನ ಹೊಟ್ಟ್ಯಾಗ ಹುಟ್ಟೂಕಿಂತ ಮೊದಲ ನನಗ ಎರಡ ಹೋದೂ. ಒಂದ ಮೂರನೇ ತಿಂಗಳಾಗ, ಒಂದ ಆರನೇದರಾಗ."

ಇಪ್ಪತ್ತೈದು ವರ್ಷ ಒಂದೇ ಒಲೆಯಲ್ಲಿ ಅಡುಗೆ ಮಾಡಿದ್ದೇವೆ. ಈ ಮಾತು ನಾನು ಕೇಳಿರಲಿಲ್ಲ.

"ತಿನ್ನಬಾರದಿತ್ತು, ಅದು ಬ್ಯಾರೆ ಮಾತ. ಅದಕ್ಕ ಬ್ಯಾರೆ ಪ್ರಾಯಶ್ಚಿತ್ತ ಐತಿ, ಹಡದ ಮ್ಯಾಲ ಮಾಡಿಯಂತ. ಅದಕ್ಕೂ ಆ ಕೂಸಿಗೂ ಗಂಟ ಹಾಕಬ್ಯಾಡ. ಬಾ, ಕುಂದರ ಇಲ್ಲಿ. ಲಗೂನ ತಾಟ ತಾ ಬೇ, ಹೊತ್ತ ಮುಣಗಾಕತ್ತೈತಿ!"

ಕಾಯಿಸಿದ ಮೊಸರು ಬಿಳಿಯ ಗಂಜಿಯಂತೆ ದಪ್ಪಗೆ, ನುಣುಪಾಗಿ ಬಂದಿತ್ತು. ಅತ್ತೆಯೇ ಅದನ್ನು ಗೆರೆಗೆರೆಯಾಗಿ ಹಾಕಿದರು. ನಾನು ಅಮಸೂಲಿನ ಎಳೆ ಇಟ್ಟು ಗುರೆಳ್ಳು ಪುಡಿ ಉದುರಿಸಿದೆ. "ಉದ್ದನ ಕಡಬಿಗೆ ಕೂಸಿನ ಕುಂಚಿಗಿ ತೊಡಿಸಿದಂಗ ಕಾಣತೈತಿ" ಎಂದರು ಅತ್ತೆ. ನಿಮ್ಮ ಅವ್ವ ನಕ್ಕಳು. ನಗುತ್ತಲೇ ಕಣ್ಣೀರು ಒರೆಸಿಕೊಂಡಳು. ಹೊಗೆಯೂ ಇತ್ತು ಅನ್ನಿ.

ಮೊದಲ ತುತ್ತು ತಿಂದಳು. ಅಗಿದಳು. ನಾವಿಬ್ಬರೂ ಅವಳ ಗಂಟಲನ್ನೇ ನೋಡುತ್ತಿದ್ದೆವು. ಎರಡನೆಯದು. ಅರ್ಧಕ್ಕೆ ನಿಲ್ಲಿಸಿ ಕಣ್ಣು ಮುಚ್ಚಿದಳು. ಬಂತು, ಎದ್ದು ಓಡುತ್ತಾಳೆ ಎಂದುಕೊಂಡು ನಾನು ಚರಿಗೆ ಹಿಡಿದು ಎದ್ದೇಬಿಟ್ಟೆ.

"ಕುಂದರ ಅವ್ವಾ," ಎಂದಳು ಕಣ್ಣು ತೆರೆಯದೆ. "ಆ ಮುದುಕೀದ ನೆನಪಾತು. ಆಕೀ ಬಟಾಟಿಕಿಂತ ಇದು ಮೆತ್ತಗ ಐತಿ. ಶಾವಿಗಿ ಮಾತ್ರ ಖರೆ ಹಂಗ ಐತಿ ನೋಡ."

ಗೋಡೆಯ ಮೇಲಿನ ಬಿಸಿಲು ಮಾಡಿನ ಹಂಚಿನ ಅಂಚಿಗೆ ಮುಟ್ಟುವುದರೊಳಗೆ ಮುಗಿಸಿ ಕೈ ತೊಳೆದಳು. ದೀಪ ಹಚ್ಚುವ ಹೊತ್ತಾಯಿತು. ಅವಳು ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದಳು. ನಾನು ಪಾತ್ರೆ ತಿಕ್ಕುತ್ತ ಹಿತ್ತಲಿನಲ್ಲೇ ಇದ್ದೆ, ಅವಳು ಓಡಿ ಬಂದರೆ ಹಿಡಿಯಲೆಂದು. ಪಾತ್ರೆಗಳು ಮುಗಿದವು. ತಿಕ್ಕಿದ್ದನ್ನೇ ಮತ್ತೆ ತಿಕ್ಕಿದೆ. ಅವಳು ಬರಲಿಲ್ಲ.

ಅಷ್ಟಕ್ಕೆ ನನ್ನ ಹೆದರಿಕೆ ಹೋಯಿತೆಂದು ತಿಳಿಯಬೇಡಿ. ಮರುದಿನ ಎರಡು ಸಲ ವಾಂತಿಯಾಯಿತು. ಅದರ ಮರುದಿನ ಇಲ್ಲ. ವಾರಕ್ಕೆ ಮೂರು ದಿನ ಅದನ್ನೇ ಮಾಡಿದೆವು, ಈಗ ಒಳಗಿನ ಒಲೆಯ ಮೇಲೆ. ಬೇಕರಿಯ ಪಾವು ಮಾತ್ರ ಅತ್ತೆಗೆ ಸರಿಬೀಳಲಿಲ್ಲ. ದಪ್ಪ ಪಾತ್ರೆಯಲ್ಲಿ ಉಸುಕು ಕಾಯಿಸಿ, ಹಿಟ್ಟಿಗೆ ಮೊಸರು, ಸೋಡಾ ಹಾಕಿ ನಾದಿ, ಅದರೊಳಗೆ ಉದ್ದನೆಯ ಬನ್ನು ಬೇಯಿಸುವುದನ್ನು ಕಂಡುಹಿಡಿದವರು ಅವರೇ. ಮೊದಮೊದಲು ಕಲ್ಲಿನಂತಾದವು. "ಇದರಾಗ ಒಂದ ಹೊಡದರ ಕಳ್ಳ ಸಾಯತಾನ" ಎಂದು ತಾವೇ ನಕ್ಕರು. ಹೊಟ್ಟೆಯಲ್ಲಿ ಅದು ನಿಂತ ಮೇಲೆ ಗಂಜಿ ನಿಂತಿತು, ಆಮೇಲೆ ಅನ್ನ-ಸಾರು.

ಹದಿನೈದು ದಿನಕ್ಕೆ ಗೋಕಾಕಕ್ಕೆ ಹೋದಾಗ ನಾನು ಎಂದಿನಂತೆ ಡಾಕ್ಟರಬಾಯಿಯ ಹುಬ್ಬು ನೋಡುತ್ತ ನಿಂತೆ. ತೂಕ ಸ್ವಲ್ಪವೇ ಏರಿತ್ತು. "ಏನ ಕೊಟ್ರಿ?" ಎಂದು ಕೇಳಿದರು. ನಾನು ನೆಲ ನೋಡಿದೆ. "ಶಾವಿಗಿರಿ," ಎಂದೆ. ಪೂರ್ತಿ ಸುಳ್ಳೇನಲ್ಲ.

ಐದನೆಯ ತಿಂಗಳ ಒಂದೊಂದು ದಿನವನ್ನೂ ಬೆಂಕಿಯ ಮೇಲೆ ನಡೆದಂತೆ ನಡೆದೆವು. ಅವಳು ಕೆಮ್ಮಿದರೆ ಇಬ್ಬರೂ ಏಳುತ್ತಿದ್ದೆವು. ಆ ತಿಂಗಳು ದಾಟಿತು. ಆರನೆಯದೂ ದಾಟಿತು, ಅದು ದಾಟಿದ ದಿನ ಅತ್ತೆ ಬಸದಿಯಿಂದ ತಡವಾಗಿ ಬಂದರು, ಎಲ್ಲಿಗೆ ಹೋಗಿದ್ದಿರಿ ಎಂದು ನಾನು ಕೇಳಲಿಲ್ಲ. ಆ ಹಾಟ್‌ಡಾಗ್‌ನಿಂದಲೇ ನೀನು ಉಳಿದೆ ಎಂದು ನಾನು ಹೇಳುವುದಿಲ್ಲ, ಸೋನೂ. ಡಾಕ್ಟರಬಾಯಿಯ ಗುಳಿಗೆಗಳೂ ಇದ್ದವು. ಆದರೆ ಅವತ್ತು ಬಚ್ಚಲೊಲೆಯ ಮುಂದೆ ಕುಳಿತು ತಿಂದ ಮೇಲೆ ನಿಮ್ಮ ಅವ್ವ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. ಅಲ್ಲಿಯವರೆಗೆ ಅವಳು ಅಲ್ಲಿ ಕೈ ಇಟ್ಟಿದ್ದನ್ನು ನಾನು ನೋಡಿರಲಿಲ್ಲ.

ನೀನು ಹುಟ್ಟಿದ ಮೇಲೆ ನಿನಗೆ ನೀರು ಎರೆಯುವಾಗಲೆಲ್ಲ ನಾನು ಮೊದಲು ನೋಡುತ್ತಿದ್ದದ್ದು ನಿನ್ನ ಎರಡು ಕಿವಿ. ಮೆತ್ತನೆಯ ಬಟ್ಟೆಯ ತುದಿಯಿಂದ ಒರೆಸಿ, ಬೆಳಕಿಗೆ ಹಿಡಿದು ನೋಡುವೆ. ಒಣಗಿಯೇ ಇದ್ದವು. ಆದರೂ ಮರುದಿನ ಮತ್ತೆ ನೋಡುವೆ. ಗೋಕಾಕದ ಬೇಕರಿಯವನಿಗೆ ಪೇಢೆ ಕೊಡಲು ಮಾತ್ರ ನನಗೆ ಧೈರ್ಯ ಬರಲಿಲ್ಲ. ಅಂಗಡಿಯ ಮುಂದಿನಿಂದ ಎರಡು ಸಲ ಪೇಢೆಯ ಪೊಟ್ಟಣ ಹಿಡಿದುಕೊಂಡೇ ಹಾದುಹೋದೆ. ಅದೊಂದು ನನ್ನ ಮೇಲೆ ಉಳಿದಿದೆ.

ಇದನ್ನು ಓದಿ ಮುಗಿಸಿದ ಮೇಲೆ ನನ್ನ ಮುಂದೆ ಏನೂ ಕೇಳಬೇಡಿ, ನನಗೆ ನಾಚಿಕೆಯಾಗುತ್ತದೆ. ಬೇಕಾದರೆ ಮುಂದಿನ ಸಲ ಬನ್ನನ್ನು ಮೇಲಿನಿಂದ ಸೀಳಿ, ನನಗೆ ಅಷ್ಟು ಸಾಕು. ಈ ಹಾಳೆಗಳನ್ನು ಮಾತ್ರ ಎಲ್ಲೆಂದರಲ್ಲಿ ಎಸೆಯಬೇಡಿ. ನಿಮ್ಮ ಅವ್ವ ಬರೆದ ಬನ್ನಿನ ಚಿತ್ರವೂ ಇವುಗಳ ನಡುವೆಯೇ ಇದೆ, ಎಣ್ಣೆ ಹತ್ತಿದೆ, ಮಡಚಿದಲ್ಲಿ ಹರಿಯಲು ಬಂದಿದೆ. ಎಲ್ಲವನ್ನೂ ಕೂಡಿಸಿ ಶಾವಿಗೆಯ ಡಬ್ಬಿಯಲ್ಲಿ, ನುಸಿ ಹಿಡಿಯದಂತೆ ನಾಲ್ಕು ಒಣ ಬೇವಿನೆಲೆ ಹಾಕಿ, ಮುಚ್ಚಳ ಬಿಗಿಯಾಗಿ ಹಾಕಿಡಿ. ಮಳೆಗಾಲದಲ್ಲಿ ಒಂದು ಸಲ ತೆಗೆದು ಬಿಸಿಲಿಗೆ ಹಿಡಿಯಿರಿ.